ವೈ-ಫೈ ಫುಲ್ ಕಡ್ಡಿ ತೋರಿಸುತ್ತದೆ, ಸಂಜೆಯಾದರೆ ಏನೂ ತೆರೆಯುವುದಿಲ್ಲ. ಕಾರವಾರ, ಶಿರಸಿ ಕಡೆಯವರು ಏನು ಮಾಡಿದ್ದೀರಿ?

ಕಾಳಿತೀರ
ಎಲ್ಲರಿಗೂ ನಮಸ್ಕಾರ. ನಾವು ಕಾರವಾರದ ಕಾಜುಬಾಗ್‌ನಲ್ಲಿ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೇವೆ. ಫೈಬರ್ ಲೈನ್, 100 ಎಂಬಿಪಿಎಸ್ ಪ್ಲಾನ್. ಹಗಲು ಹೊತ್ತು ತೊಂದರೆಯೇ ಇಲ್ಲ. ಸಂಜೆ ಏಳರ ಮೇಲೆ ಮಗಳ ಆನ್‌ಲೈನ್ ಟ್ಯೂಷನ್ ಶುರುವಾದ ಕೂಡಲೇ ಮೇಷ್ಟ್ರ ಮುಖ ಅಲ್ಲೇ ನಿಂತುಬಿಡುತ್ತದೆ, ಧ್ವನಿ ತುಂಡುತುಂಡಾಗಿ ಬರುತ್ತದೆ. ಅದೇ ಹೊತ್ತಿಗೆ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದರೆ ನೀರು ಹರಿದ ಹಾಗೆ ಹೋಗುತ್ತದೆ. ಲೈನಿನವರು ಬಂದು ನೋಡಿ "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ" ಎಂದು ಹೋದರು. ಅವರು ಹೇಳಿದ್ದು ನಿಜವೇ ಇರಬೇಕು, ಕೇಬಲ್‌ನಲ್ಲಿ ಸರಿ ಬರುತ್ತಿದೆಯಲ್ಲ. ಹಾಗಾದರೆ ಗಾಳಿಯಲ್ಲಿ ಏನಾಗುತ್ತಿದೆ? ಫೋನಿನಲ್ಲಿ ವೈ-ಫೈ ಪಟ್ಟಿ ತೆರೆದರೆ ಸ್ಕ್ರೋಲ್ ಮಾಡಿ ಸುಸ್ತಾಗುವಷ್ಟು ಹೆಸರುಗಳು. ತಿಳಿದವರು ದಯವಿಟ್ಟು ಹೇಳಿ.

ಬೇಲೆಕೇರಿ
ರೂಟರ್ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?

ಕಾಳಿತೀರ
ಮಾಡಿದ್ದೇನೆ. ಸ್ವಲ್ಪ ಹೊತ್ತು ಸರಿ ಹೋಗುತ್ತದೆ, ಮತ್ತೆ ಅದೇ ಕಥೆ.

ಕುಮಟಾ ಮೇಷ್ಟ್ರು
ತಂಗೀ, ನೀವೇ ಅರ್ಧ ಪರೀಕ್ಷೆ ಮಾಡಿ ಮುಗಿಸಿದ್ದೀರಿ. ಕೇಬಲ್‌ನಲ್ಲಿ ಸರಿ, ವೈ-ಫೈನಲ್ಲಿ ಮಾತ್ರ ತೊಂದರೆ, ಅದೂ ಸಂಜೆ ಮಾತ್ರ, ಕಡ್ಡಿ ಫುಲ್. ಇದು ಸಿಗ್ನಲ್ ಕಡಿಮೆಯಾದ ಲಕ್ಷಣ ಅಲ್ಲ. ಬೇರೆ ರೇಡಿಯೊ ಅಡ್ಡ ಬರುತ್ತಿರುವ ಲಕ್ಷಣ. ಕಡ್ಡಿ ತೋರಿಸುವುದು ನಿಮ್ಮ ರೂಟರ್ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದನ್ನು ಮಾತ್ರ. ಸುತ್ತಮುತ್ತ ಎಷ್ಟು ಗದ್ದಲ ಇದೆ ಎನ್ನುವುದು ಕಡ್ಡಿಯಲ್ಲಿ ಕಾಣುವುದಿಲ್ಲ.

ಹಳೆಯ ವೈ-ಫೈ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ನಮ್ಮ ದೇಶದಲ್ಲಿ 2400 ರಿಂದ 2483.5 ಮೆಗಾಹರ್ಟ್ಸ್ ತನಕದ ಈ ತರಂಗ ಪಟ್ಟಿಗೆ 2005 ರಿಂದ ಲೈಸೆನ್ಸ್ ಬೇಡ. ಅದಕ್ಕೇ ಎಲ್ಲರೂ ಅಲ್ಲಿಗೇ ಬಂದು ಸೇರಿದ್ದಾರೆ. ವೈ-ಫೈ, ಬ್ಲೂಟೂತ್, ವೈರ್‌ಲೆಸ್ ಮೌಸ್, ಕೆಲವು ಕ್ಯಾಮೆರಾ, ಮಕ್ಕಳ ಡ್ರೋನ್, ಎಲ್ಲಾ ಅಲ್ಲೇ. ಮೈಕ್ರೋವೇವ್ ಒಲೆ ಕೂಡ 2450 ರ ಆಸುಪಾಸಿನಲ್ಲೇ. 13 ಚಾನೆಲ್ ಇವೆ ಎಂದು ರೂಟರ್ ತೋರಿಸುತ್ತದೆ, ನಿಜ. ಆದರೆ ಒಂದೊಂದರ ನಡುವೆ ಇರುವ ಅಂತರ 5 ಮೆಗಾಹರ್ಟ್ಸ್ ಮಾತ್ರ, ಒಂದು ವೈ-ಫೈಗೆ ಬೇಕಾದ ಅಗಲ ಸುಮಾರು 20. ಹಾಗಾಗಿ ಒಂದಕ್ಕೊಂದು ತಾಗದ ಹಾಗೆ ಕೂರುವುದು 1, 6, 11 ಈ ಮೂರೇ.

ಮೊದಲು ಪುಕ್ಕಟೆ ಸಿಗುವ ಯಾವುದಾದರೂ ವೈ-ಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಸಂಜೆ ಏಳೂವರೆಗೆ ನೋಡಿ. ಯಾರು ಯಾವ ಚಾನೆಲ್‌ನಲ್ಲಿದ್ದಾರೆ, ಎಷ್ಟು ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು), ಎರಡನ್ನೂ ಇಲ್ಲಿ ಬರೆಯಿರಿ.

ಸದಾಶಿವಗಡ
ಕಾರವಾರದಲ್ಲಿ ಇದು ಸಾಮಾನ್ಯ. ಬಂದರಿಗೆ ಬರುವ ಹಡಗುಗಳ ರೇಡಾರ್‌ನಿಂದ ಹೀಗಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಬೈತಖೋಲ್ ಬೋಟು
ಎಲ್ಲರೂ ಹೇಳುತ್ತಾರೆ ಅಂದರೆ ಆಯಿತಾ ಮಾರಾಯ್ರೇ. ಹಡಗಿನ ರೇಡಾರ್ ಎರಡು ಜಾತಿ. ಒಂದು ಎಕ್ಸ್ ಬ್ಯಾಂಡ್, 9300 ರಿಂದ 9500 ಮೆಗಾಹರ್ಟ್ಸ್. ಇನ್ನೊಂದು ಎಸ್ ಬ್ಯಾಂಡ್, 2900 ರಿಂದ 3100. ಸಣ್ಣ ಬೋಟಿನವರು ಹಾಕುವುದು ಎಕ್ಸ್ ಬ್ಯಾಂಡೇ. 2.4 ರ ವೈ-ಫೈ ಇವೆರಡಕ್ಕೂ ದೂರ. ಅದೂ ಅಲ್ಲದೆ ಇವರಿಗೆ ತೊಂದರೆ ಆಗುವುದು ಸಂಜೆ ಏಳರಿಂದ. ಹಡಗು ಟ್ಯೂಷನ್ ಟೈಮ್ ನೋಡಿಕೊಂಡು ಬರುತ್ತದಾ?

ಸದಾಶಿವಗಡ
ಹಾಗಾದರೆ ಹೊಸ ರೂಟರ್‌ಗಳಲ್ಲಿರುವ 5 ಗಿಗಾಹರ್ಟ್ಸ್ ವೈ-ಫೈಗೂ ರೇಡಾರಿಗೂ ಸಂಬಂಧ ಇದೆ ಅಂತ ಓದಿದ್ದೆನಲ್ಲ?

ಕುಮಟಾ ಮೇಷ್ಟ್ರು
ಅದು ಇದೆ, ಆದರೆ ಕಥೆ ಬೇರೆ. ಮುಂದೆ 5 ರ ಮಾತು ಬಂದಾಗ ಹೇಳುತ್ತೇನೆ. ಈಗ ಅವರ ಪಟ್ಟಿ ಬರಲಿ.

ಕಾಳಿತೀರ
ನೋಡಿದೆ ಮೇಷ್ಟ್ರೇ. ನಮ್ಮದು ಚಾನೆಲ್ 8, ಸೋಫಾದ ಹತ್ತಿರ -48. ಎದುರು ಮನೆಯದು 9, -61. ಮೇಲಿನವರದು 6, -63. ಕೆಳಗಿನವರದು 10, -66. ಪಕ್ಕದ ಬಿಲ್ಡಿಂಗಿನವು 3, 4, 7, 11 ರಲ್ಲಿ ಚೆಲ್ಲಾಪಿಲ್ಲಿ, ಎಲ್ಲಾ -75 ರ ಆಸುಪಾಸು. ಒಂದು ವೈ-ಫೈಯಂತೂ ಅರ್ಧ ಪರದೆ ತುಂಬುವಷ್ಟು ಅಗಲವಾಗಿ ಕಾಣುತ್ತದೆ.

ಕೋಡಿಬಾಗ್ ಟೆಕ್
ಸಿಂಪಲ್. 1, 2 ರಲ್ಲಿ ಯಾರೂ ಇಲ್ಲ. 2 ಕ್ಕೆ ಹಾಕಿ, ಮುಗಿಯಿತು. ಖಾಲಿ ಚಾನೆಲ್ ಬಿಟ್ಟು 1, 6, 11 ಅಂತ ಮಂತ್ರ ಹೇಳುವುದು ಹಳೇ ಕಾಲದ ಮಾತು.

ಕುಮಟಾ ಮೇಷ್ಟ್ರು
1 ಖಾಲಿ ಇದ್ದರೆ 1 ಕ್ಕೆ ಹಾಕಲಿ, 2 ಯಾಕೆ? 2 ಕ್ಕೆ ಹಾಕಿದರೆ 3, 4 ರವರ ಮೇಲೆ ಇನ್ನಷ್ಟು ಹತ್ತಿ ಕೂರುತ್ತದೆ, ನಾಳೆ 6 ರವರಿಗೂ ಅಂಚು ತಾಗುತ್ತದೆ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ವೈ-ಫೈ ಮಾತಾಡುವ ಮೊದಲು ಕಿವಿಗೊಟ್ಟು ಕೇಳುತ್ತದೆ. ಪಕ್ಕದವರ ರೂಟರ್ ಅದೇ ಚಾನೆಲ್‌ನಲ್ಲಿದ್ದರೆ ಅದರ ಮಾತು ಇದಕ್ಕೆ ಅರ್ಥವಾಗುತ್ತದೆ. ಎಷ್ಟು ಹೊತ್ತು ಕಾಯಬೇಕು ಎಂದೂ ಗೊತ್ತಾಗುತ್ತದೆ. ಸರದಿ ಪ್ರಕಾರ ಇಬ್ಬರ ಕೆಲಸವೂ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಆದರೆ ಇವರು 8, ಎದುರಿನವರು 9 ಆದರೆ ಅವರ ಮಾತು ಇವರಿಗೆ ಬರೀ ಗೊರಗೊರ. ಕಾಯುವ ಲೆಕ್ಕವೂ ಸರಿ ಹೋಗುವುದಿಲ್ಲ. ಕಳಿಸಿದ ಪ್ಯಾಕೆಟ್ (ಮಾಹಿತಿಯ ತುಣುಕು) ಕೆಟ್ಟು ಹೋಗುತ್ತದೆ, ಮತ್ತೆ ಕಳಿಸುತ್ತದೆ, ಅದೂ ಕೆಡುತ್ತದೆ. ಆದ್ದರಿಂದ ಅರ್ಧಂಬರ್ಧ ತಾಗುವುದಕ್ಕಿಂತ ಪೂರ್ತಿ ಒಂದೇ ಚಾನೆಲ್‌ನಲ್ಲಿ ಇರುವುದು ಮೇಲು. 8, 9, 10 ಎಲ್ಲಕ್ಕಿಂತ ಕೆಟ್ಟ ಜಾಗ, 6 ಮತ್ತು 11 ಎರಡರ ಮೇಲೂ ಕಾಲಿಟ್ಟು ಕೂತ ಹಾಗೆ.

ಕೋಡಿಬಾಗ್ ಟೆಕ್
ಸಿಗ್ನಲ್ ಬಹಳ ಕಡಿಮೆ ಇರುವ ಪಕ್ಕದವರ ಚಾನೆಲ್ ಆದರೆ ಅರ್ಧ ತಾಗಿದರೂ ಏನೂ ಆಗಲ್ಲ ಮೇಷ್ಟ್ರೇ. -75 ಅಂದರೆ ಇವರ -48 ರ ಮುಂದೆ ಏನೂ ಅಲ್ಲ.

ಕುಮಟಾ ಮೇಷ್ಟ್ರು
ಸೋಫಾದ ಹತ್ತಿರ ಹೌದು. ಮಗಳ ರೂಮಿನಲ್ಲಿ? ಎರಡು ಗೋಡೆ ದಾಟಿದ ಮೇಲೆ ಇವರದ್ದೇ -68 ಆಗಿರುತ್ತದೆ. ಅಲ್ಲಿ ಕೂತು ಅಳತೆ ಮಾಡಬೇಕು. ಹತ್ತು ಡಿಬಿ ಕಡಿಮೆ ಅಂದರೆ ಹತ್ತರಲ್ಲಿ ಒಂದು ಪಾಲು ಸಿಗ್ನಲ್, ಇಪ್ಪತ್ತು ಅಂದರೆ ನೂರರಲ್ಲಿ ಒಂದು.

ಆ ಅಗಲವಾಗಿ ಕಾಣುವ ವೈ-ಫೈ ಇದೆಯಲ್ಲ, ಅದು 40 ಮೆಗಾಹರ್ಟ್ಸ್ ಅಗಲಕ್ಕೆ ಸೆಟ್ ಆಗಿದೆ. 2.4 ರಲ್ಲಿ ಒಬ್ಬರು 40 ಹಾಕಿದರೆ ಇಡೀ ಪಟ್ಟಿಯ ಅರ್ಧ ನುಂಗಿದ ಹಾಗೆ. ಅಪಾರ್ಟ್‌ಮೆಂಟಿನಲ್ಲಿ ಇದನ್ನು ಯಾರೂ ಮಾಡಬಾರದು. ಸೆಟ್ಟಿಂಗ್‌ನಲ್ಲಿ ಚಾನೆಲ್ ವಿಡ್ತ್ ಎಂಬ ಕಡೆ 20 ಇಡಬೇಕು.

ಬನವಾಸಿ ರಸ್ತೆ
ಆಟೋ ಅಂತ ಇರುತ್ತದಲ್ಲ, ಅದಕ್ಕೇ ಬಿಟ್ಟರೆ ಆಗಲ್ವಾ?

ಅಂಕೋಲಾ ಕೇಬಲ್
ನಾನು ಲೈನ್ ಕೆಲಸದಲ್ಲೇ ಇರುವವನು. ಅಗ್ಗದ ರೂಟರ್‌ಗಳು ಬಹಳಷ್ಟು ಆನ್ ಆಗುವಾಗ ಮಾತ್ರ ಸುತ್ತ ನೋಡಿ ಚಾನೆಲ್ ಆರಿಸುತ್ತವೆ. ಆಮೇಲೆ ತಿಂಗಳಾದರೂ ಅಲ್ಲೇ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಇಡೀ ಓಣಿಯ ರೂಟರ್‌ಗಳು ಒಟ್ಟಿಗೇ ಆನ್ ಆಗುತ್ತವೆ. ಯಾರೂ ಇನ್ನೂ ಮಾತಾಡದ ಹೊತ್ತಿಗೆ ಎಲ್ಲವೂ ಕಿವಿಗೊಟ್ಟರೆ ಎಲ್ಲದಕ್ಕೂ ಎಲ್ಲವೂ ಖಾಲಿಯೇ. ಹಾಗಾಗಿ ಆಟೋ ನಂಬಿ ಕೂರಬೇಡಿ. ಅಪಾರ್ಟ್‌ಮೆಂಟಿನವರು ಕೂತು ಮಾತಾಡಿಕೊಂಡು ಹಂಚಿಕೊಳ್ಳಿ. ನೆಲಮಹಡಿ 1, ಮೊದಲನೆಯದು 6, ಎರಡನೆಯದು 11, ಮೂರನೆಯದು ಮತ್ತೆ 1. ಒಂದು ಸಂಜೆ ಸಾಕು, ಖರ್ಚೂ ಇಲ್ಲ.

ಇನ್ನೊಂದು. ರೂಟರನ್ನು ಟಿವಿ ಹಿಂದೆ, ಕಬ್ಬಿಣದ ಕಪಾಟಿನ ಮೇಲೆ, ಫ್ರಿಜ್ ಪಕ್ಕ ಇಡುವವರೇ ಜಾಸ್ತಿ. ಲೋಹ ರೇಡಿಯೊವನ್ನು ದಾಟಿ ಹೋಗಲು ಬಿಡುವುದಿಲ್ಲ. ಜನ ಬಳಸುವ ರೂಮುಗಳ ನಡುಮಧ್ಯ, ಎದೆಯೆತ್ತರದಲ್ಲಿ, ತೆರೆದ ಜಾಗದಲ್ಲಿ ಇಡಿ.

ಓಂ ಬೀಚ್ ಹೋಂಸ್ಟೇ
ಗೋಕರ್ಣದಲ್ಲಿ ನಮ್ಮದು ಸಣ್ಣ ಹೋಂಸ್ಟೇ. ತಿಂಡಿ ಹೊತ್ತಿಗೆ ಗೆಸ್ಟ್‌ಗಳೆಲ್ಲ ಬಂದು ವೈ-ಫೈ ಹೋಯಿತು ಎನ್ನುತ್ತಿದ್ದರು. ಬೇರೆ ಹೊತ್ತು ಏನೂ ಇಲ್ಲ. ಅಡುಗೆಮನೆಯ ಮೈಕ್ರೋವೇವ್ ರೂಟರಿಗೆ ಒಂದು ಗೋಡೆ ಆಚೆ ಇತ್ತು. ಬಾಗಿಲಿನ ರಬ್ಬರ್ ಅಂಚು ಸವೆದಿತ್ತು. ನನ್ನ ತಮ್ಮ ಫೋನಿನಿಂದ ರೂಟರಿಗೆ ಪಿಂಗ್ ಹಾಕಿ ಕೂತ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಎಂದು ನೋಡುವುದು. 3 ಮಿಲಿಸೆಕೆಂಡ್, 4 ಮಿಲಿಸೆಕೆಂಡ್ ಅಂತ ಬರುತ್ತಿತ್ತು. ನಾನು ಒಂದು ಲೋಟ ನೀರಿಟ್ಟು ಒಲೆ ಹಚ್ಚಿದೆ. ತಕ್ಷಣ 200, 350, ಟೈಮ್ ಔಟ್. ಒಲೆ ಟಿಣ್ ಅಂತ ನಿಂತ ಕೂಡಲೇ ಮತ್ತೆ 3, 4. ಕಣ್ಣೆದುರೇ. ಅನುಮಾನ ಇರುವವರು ಇದೊಂದು ಪರೀಕ್ಷೆ ಮಾಡಿ ನೋಡಿ.

ಕುಮಟಾ ಮೇಷ್ಟ್ರು
ಚೆಂದದ ಪರೀಕ್ಷೆ ಅಕ್ಕಾ. ಅದರ ಒಳಗಿನದ್ದು ಇನ್ನೂ ಸ್ವಾರಸ್ಯ. ಟ್ರಾನ್ಸ್‌ಫಾರ್ಮರ್ ಇರುವ ಸಾಮಾನ್ಯ ಒಲೆಯ ಮ್ಯಾಗ್ನೆಟ್ರಾನ್ (ಮೈಕ್ರೋವೇವ್ ಹುಟ್ಟಿಸುವ ಭಾಗ) ಕರೆಂಟಿನ ಅರ್ಧ ಸುತ್ತಿನಲ್ಲಿ ಮಾತ್ರ ಉರಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ 20 ಮಿಲಿಸೆಕೆಂಡಿಗೆ ಒಂದು ಸುತ್ತು. ಹತ್ತು ಮಿಲಿಸೆಕೆಂಡ್ ಗದ್ದಲ, ಹತ್ತು ಮೌನ. ಆ ಮೌನದಲ್ಲೇ ವೈ-ಫೈ ಹೇಗೋ ನುಸುಳುತ್ತದೆ. ಅದಕ್ಕೇ ಪೂರ್ತಿ ಸಾಯದೆ ಎಳೆದಾಡುತ್ತದೆ. ಹೊಸ ಇನ್ವರ್ಟರ್ ಒಲೆಗಳಲ್ಲಿ ಈ ಮೌನವೂ ಸರಿಯಾಗಿ ಸಿಗುವುದಿಲ್ಲ.

ಒಲೆ ಬಿಸಾಡಬೇಕಿಲ್ಲ. ದೂರ ಇಡಿ, ಬಾಗಿಲಿನ ಅಂಚು ರಿಪೇರಿ ಮಾಡಿಸಿ, ಮುಖ್ಯವಾಗಿ ಫೋನುಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. 2.4 ರಲ್ಲೇ ಇರಬೇಕಾದವರಿಗೆ ಚಾನೆಲ್ 1 ಸ್ವಲ್ಪ ವಾಸಿ, ಅದು 2412 ಮೆಗಾಹರ್ಟ್ಸ್, ಒಲೆಯ 2450 ರಿಂದ ಸ್ವಲ್ಪ ದೂರ.

ಕಾಳಿತೀರ
5 ಗಿಗಾಹರ್ಟ್ಸ್ ನಮ್ಮ ರೂಟರ್‌ನಲ್ಲಿ ಇದೆ. ಆದರೆ ಮಗಳ ರೂಮಿನಲ್ಲಿ ಬಿಟ್ಟು ಬಿಟ್ಟು ಸಿಗುತ್ತದೆ ಅಂತ ಆಫ್ ಮಾಡಿಸಿದ್ದರು.

ಕೋಡಿಬಾಗ್ ಟೆಕ್
ಅಯ್ಯೋ, ಅದನ್ನು ಆನ್ ಮಾಡಿ ಮೊದಲು. ಅಪಾರ್ಟ್‌ಮೆಂಟಿಗೆ 5 ಬಿಟ್ಟರೆ ಗತಿ ಇಲ್ಲ. 5 ಗೋಡೆ ದಾಟುವುದು ಕಡಿಮೆ ಎನ್ನುವುದೇ ಇಲ್ಲಿ ಲಾಭ. ಪಕ್ಕದವರದ್ದು ನಮಗೆ ಬರುವುದಿಲ್ಲ, ನಮ್ಮದು ಅವರಿಗೆ ಹೋಗುವುದಿಲ್ಲ. ರೂಟರನ್ನು ಮಗಳ ರೂಮಿನ ಬಾಗಿಲಿನ ನೇರಕ್ಕೆ ತನ್ನಿ. ಇಲ್ಲವಾದರೆ ಗೋಡೆಯಂಚಿನಲ್ಲಿ ಒಂದು ಕೇಬಲ್ ಎಳೆದು ಅಲ್ಲೊಂದು ಆ್ಯಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದದ್ದನ್ನು ಅಲ್ಲೇ ವೈ-ಫೈ ಮಾಡಿ ಕೊಡುವ ಪೆಟ್ಟಿಗೆ) ಇಡಿ.

ಕುಮಟಾ ಮೇಷ್ಟ್ರು
ಇದರಲ್ಲಿ ನನ್ನದೂ ಅದೇ ಮಾತು. 2018 ರ ಅಕ್ಟೋಬರ್‌ನಲ್ಲಿ ಸರ್ಕಾರ 5 ರ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿತು. 2.4 ರಲ್ಲಿ ಇರುವುದು ಬರೀ 83.5. ಜಾಗದ ವ್ಯತ್ಯಾಸ ನೋಡಿ.

ಈಗ ಆ ರೇಡಾರ್ ಕಥೆ. 5 ರ ಮಧ್ಯದ ಚಾನೆಲ್‌ಗಳು, 52 ರಿಂದ 64 ಮತ್ತು 100 ರಿಂದ 144, ರೇಡಾರ್‌ಗಳೂ ಬಳಸುವ ಜಾಗ. ಕೆಲವು ಹವಾಮಾನ ರೇಡಾರ್‌ಗಳು ಅಲ್ಲಿವೆ. ಆ ಚಾನೆಲ್‌ಗೆ ಹೋಗುವ ಮೊದಲು ರೂಟರ್ ಸಾಮಾನ್ಯವಾಗಿ 60 ಸೆಕೆಂಡ್ ಸುಮ್ಮನೆ ಕೇಳುತ್ತದೆ. ರೇಡಾರ್ ಸಪ್ಪಳ ಬಂತು ಅನ್ನಿಸಿದರೆ ಜಾಗ ಖಾಲಿ ಮಾಡುತ್ತದೆ. ಆಗ ಮನೆಯವರಿಗೆ ವೈ-ಫೈ ಒಂದು ನಿಮಿಷ ಕಾಣೆ. ಅಂದರೆ ರೇಡಾರ್ ನಮ್ಮನ್ನು ಕೆಡಿಸುವುದಲ್ಲ, ನಾವು ಅದಕ್ಕೆ ಅಡ್ಡ ಬರಬಾರದು ಎಂಬ ನಿಯಮ. ಈ ತಾಪತ್ರಯ ಬೇಡ ಎಂದರೆ 36 ರಿಂದ 48 ಅಥವಾ 149 ರಿಂದ 165 ಹಾಕಿಕೊಳ್ಳಿ.

ಸದಾಶಿವಗಡ
ಈಗ ಅರ್ಥವಾಯಿತು. ಧನ್ಯವಾದ ಮೇಷ್ಟ್ರೇ.

ಮಾಗೋಡು
ಕಂಪ್ಯೂಟರ್ ಇಟ್ಟುಕೊಂಡವರಿಗೆ ಒಂದು ಮಾತು. ಯುಎಸ್‌ಬಿ 3 ಪೋರ್ಟು, ಅದಕ್ಕೆ ಹಾಕುವ ಹಾರ್ಡ್ ಡಿಸ್ಕ್, ಅದರ ಕೇಬಲ್, ಇವು 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ. 2012 ರಲ್ಲೇ ಇಂಟೆಲ್‌ನವರು ಇದನ್ನು ಅಳೆದು ಬರೆದಿದ್ದಾರೆ. ವೈರ್‌ಲೆಸ್ ಮೌಸಿನ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಸಣ್ಣ ತುಂಡು) ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಚುಚ್ಚಿದರೆ ಮೌಸ್ ಜಿಗಿದಾಡುವುದು ಇದಕ್ಕೇ. ಯಲ್ಲಾಪುರದ ಅಂಗಡಿಯಲ್ಲಿ ಮೌಸ್ ಹಾಳಾಗಿದೆ ಅಂತ ವಾಪಸ್ ತರುವವರು ಎಷ್ಟೋ ಜನ. ಡಾಂಗಲನ್ನು ಒಂದು ಗೇಣುದ್ದದ ಎಕ್ಸ್‌ಟೆನ್ಷನ್ ವೈರಿಗೆ ಹಾಕಿ ಮೇಜಿನ ಮೇಲೆ ತನ್ನಿ. ಮುಗಿಯಿತು.

ದಾಂಡೇಲಿ
ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರೆ ಕಾಲ್ ಕಟ್ ಆಗುವುದೂ ಇದೇನಾ?

ಮಾಗೋಡು
ಅದು ಬೇರೆ. ಬ್ಲೂಟೂತ್ 79 ಸಣ್ಣ ಚಾನೆಲ್‌ಗಳಲ್ಲಿ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ, ವೈ-ಫೈ ಇರುವ ಜಾಗ ತಪ್ಪಿಸಿಕೊಂಡು ಹೋಗುವುದನ್ನೂ ಕಲಿತಿದೆ. ಆದರೆ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈಗೂ ಬ್ಲೂಟೂತ್‌ಗೂ ಒಂದೇ ಆಂಟೆನಾ. ವೈ-ಫೈ 2.4 ರಲ್ಲಿದ್ದರೆ ಇಬ್ಬರೂ ಸರದಿ ಹಂಚಿಕೊಳ್ಳಬೇಕು. ವೈ-ಫೈಯನ್ನು 5 ಕ್ಕೆ ಹಾಕಿ, ತಕರಾರು ಇರುವುದಿಲ್ಲ.

ಸೋಂದಾ ತೋಟ
ನೀವೆಲ್ಲ ಅಪಾರ್ಟ್‌ಮೆಂಟಿನ ಮಾತು ಆಡುತ್ತಿದ್ದೀರಿ. ನಮ್ಮ ಮನೆಗೆ ಹತ್ತಿರದ ಮನೆ ಎಂದರೆ ತೋಟ ದಾಟಿ ಆಚೆ. ಆ್ಯಪಿನಲ್ಲಿ ನೋಡಿದರೆ ನಮ್ಮದೊಂದೇ ವೈ-ಫೈ. ಆದರೂ ಜಗಲಿಯಲ್ಲಿ ಸಿಗುವುದು ಅಡುಗೆಮನೆಯಲ್ಲಿ ಸಿಗುವುದಿಲ್ಲ, ಮಳೆಗಾಲದಲ್ಲಂತೂ ಕೊಟ್ಟಿಗೆ ಕಡೆ ಏನೇನೂ ಇಲ್ಲ. ಇದಕ್ಕೆ ಯಾವ ಚಾನೆಲ್ ಹಾಕಬೇಕು?

ಕುಮಟಾ ಮೇಷ್ಟ್ರು
ಚಾನೆಲ್ ಬದಲಾಯಿಸಿದರೆ ಏನೂ ಆಗುವುದಿಲ್ಲ ಭಾವಾ. ನಿಮ್ಮದು ಅಡ್ಡಿಯ ಸಮಸ್ಯೆ ಅಲ್ಲ, ತಲುಪುವ ಸಮಸ್ಯೆ. ಎರಡನ್ನೂ ಬೇರೆ ಮಾಡಿ ನೋಡಲೇಬೇಕು, ಯಾಕೆಂದರೆ ಮದ್ದು ಬೇರೆ. ಹಳೆಯ ಮನೆಯ ಗೋಡೆ ಎಷ್ಟು ದಪ್ಪ? ಮೊಳ ದಪ್ಪದ ಚಿರೆಕಲ್ಲೋ, ಮಣ್ಣೋ ಆದರೆ ಒಂದು ಗೋಡೆ ದಾಟುವಷ್ಟರಲ್ಲೇ ಸಿಗ್ನಲ್ ಸೊರಗುತ್ತದೆ. ಮಳೆಗಾಲದಲ್ಲಿ ಅದೇ ಗೋಡೆ ನೀರು ಕುಡಿದಿರುತ್ತದೆ. ನೀರು ಈ ರೇಡಿಯೊವನ್ನು ಹೀರುತ್ತದೆ.

ನಿಲೇಕಣಿ
ಮಳೆಯಿಂದಲೇ ವೈ-ಫೈ ಹೋಗುವುದು ಅಂತ ನೇರವಾಗಿ ಹೇಳಿ ಮೇಷ್ಟ್ರೇ. ನಮ್ಮ ಮನೆಯ ಡಿಶ್ ಟಿವಿಯೂ ಜೋರು ಮಳೆಗೆ ನಿಂತುಹೋಗುತ್ತದೆ.

ಕುಮಟಾ ಮೇಷ್ಟ್ರು
ಮಳೆ ಹನಿಯಿಂದ ಅಲ್ಲ. ಡಿಶ್ ಬಳಸುವುದು 11, 12 ಗಿಗಾಹರ್ಟ್ಸ್. ಅಲ್ಲಿ ಹನಿ ದೊಡ್ಡ ಅಡ್ಡಿ. 2.4 ಕ್ಕೆ, ಅಂಗಳದಷ್ಟು ದೂರಕ್ಕೆ ಮಳೆ ಹನಿ ಲೆಕ್ಕಕ್ಕೇ ಇಲ್ಲ. ಒದ್ದೆ ಎಲೆ, ಒದ್ದೆ ಗೋಡೆ, ಒದ್ದೆ ಹೆಂಚು, ಇವು ಲೆಕ್ಕಕ್ಕೆ ಬರುತ್ತವೆ. ಅಡಿಕೆ ತೋಟದ ಮಧ್ಯೆ ಹಾದು ಹೋಗುವ ಸಿಗ್ನಲ್ ಮೇ ತಿಂಗಳಿಗೂ ಜುಲೈಗೂ ಒಂದೇ ಇರುವುದಿಲ್ಲ.

ಸೋಂದಾ ತೋಟ
ರಿಪೀಟರ್ ಹಾಕಿ ನೋಡಿದೆವು. ಕಡ್ಡಿ ಬಂತು, ಸ್ಪೀಡ್ ಅರ್ಧ ಆಯಿತು.

ಅಂಕೋಲಾ ಕೇಬಲ್
ಅಗ್ಗದ ರಿಪೀಟರ್‌ನಲ್ಲಿ ಒಂದೇ ರೇಡಿಯೊ. ಒಂದು ಕೈಯಲ್ಲಿ ಕೇಳಿ, ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕು. ಅರ್ಧ ಆಗದೆ ಏನಾಗುತ್ತದೆ? ಕೇಬಲ್ ಎಳೆದು ಅಡುಗೆಮನೆ ಕಡೆಗೆ ಒಂದು ಆ್ಯಕ್ಸೆಸ್ ಪಾಯಿಂಟ್ ಹಾಕಿ. 100 ಮೀಟರ್ ತನಕ ಮಾಮೂಲಿ ನೆಟ್‌ವರ್ಕ್ ಕೇಬಲ್ ನಡೆಯುತ್ತದೆ. ಸಿಗುವ ಜಾಗದಲ್ಲೆಲ್ಲ ವೈರ್ ಹಾಕಿದಷ್ಟೂ ಗಾಳಿ ಖಾಲಿ ಇರುತ್ತದೆ. ಟಿವಿ, ಕ್ಯಾಮೆರಾ, ಡೆಸ್ಕ್‌ಟಾಪ್ ಎಲ್ಲೂ ಓಡಿ ಹೋಗುವುದಿಲ್ಲ, ಅವಕ್ಕೆ ವೈರೇ ಸಾಕು.

ಹೊನ್ನಾವರ ಕಡೆಯವ
ಇಷ್ಟೆಲ್ಲ ಯಾಕೆ? ಮೊಬೈಲ್ ಸಿಗ್ನಲ್ ಬೂಸ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಶರಾವತಿ ಪಕ್ಕದ ಒಂದು ಹೋಂಸ್ಟೇಯಲ್ಲಿ ಹಾಕಿದ್ದಾರೆ, ಮೊಬೈಲ್ ಡೇಟಾ ಚೆನ್ನಾಗಿ ಬರುತ್ತದೆ. ವೈ-ಫೈ ತಲೆನೋವೇ ಬೇಡ.

ಅಂಕೋಲಾ ಕೇಬಲ್
ದಯವಿಟ್ಟು ಯಾರೂ ಅದನ್ನು ಹಾಕಬೇಡಿ. ಕಾನೂನು ಪ್ರಕಾರ ತಪ್ಪು. ಅನುಮತಿ ಇಲ್ಲದೆ ಮೊಬೈಲ್ ಬೂಸ್ಟರ್, ಜಾಮರ್ ಇಟ್ಟುಕೊಳ್ಳುವುದು, ಮಾರುವುದು ಎರಡೂ ಅಪರಾಧ ಅಂತ ದೂರಸಂಪರ್ಕ ಇಲಾಖೆ 2022 ರಲ್ಲೂ ಎಚ್ಚರಿಸಿದೆ. ಕಾನೂನು ಬದಿಗಿಡಿ, ಕೆಲಸ ನೋಡಿ. ಆ ಪೆಟ್ಟಿಗೆ ಮನೆಯ ಸಿಗ್ನಲ್ ಜೊತೆ ಗದ್ದಲವನ್ನೂ ಹೆಚ್ಚಿಸಿ ಟವರ್ ಕಡೆ ಎಸೆಯುತ್ತದೆ. ಒಳಗಿನ ಆಂಟೆನಾ ಹೊರಗಿನದ್ದಕ್ಕೆ ಹತ್ತಿರವಾದರೆ ತನ್ನದೇ ಸದ್ದು ಕೇಳಿ ಕಿರುಚಲು ಶುರು ಮಾಡುತ್ತದೆ. ಒಬ್ಬರ ಮನೆಗೆ ಫುಲ್ ಕಡ್ಡಿ, ಆ ಟವರ್ ನಂಬಿದ ಸುತ್ತಲಿನ ಊರಿನವರಿಗೆ ಕಾಲೇ ಹೋಗುವುದಿಲ್ಲ. ಅದರಲ್ಲಿ ಒಬ್ಬರು 108 ಕ್ಕೆ ಕರೆ ಮಾಡುತ್ತಿರಬಹುದು ಅಲ್ವಾ?

ಫೈಬರ್ ಇರುವ ಮನೆಗೆ ವೈ-ಫೈ ಕಾಲಿಂಗ್ ಇದೆ. ಫೋನಿನ ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಕಡ್ಡಿ ಇಲ್ಲದ ಕಡೆಯೂ ಮಾತಾಡಬಹುದು. ಬೂಸ್ಟರಿನ ಕೆಲಸ ಕಾನೂನುಬದ್ಧವಾಗಿ, ಪುಕ್ಕಟೆಯಾಗಿ ಆಗುತ್ತದೆ.

ಹೊನ್ನಾವರ ಕಡೆಯವ
ವೈ-ಫೈ ಕಾಲಿಂಗ್ ವಿಷಯ ಗೊತ್ತಿರಲಿಲ್ಲ. ಹೋಂಸ್ಟೇಯವರಿಗೂ ಹೇಳುತ್ತೇನೆ.

ರೇಡಿಯೊ ಸಿದ್ದಾಪುರ
ಅಡ್ಡಿ ಎಂದರೆ ವೈ-ಫೈಗೆ ಮಾತ್ರವಾ? ನಮ್ಮ ಅಪ್ಪ ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಸ್, ದಿನಾ ಕೇಳುತ್ತಿದ್ದರು. ತಾಳಮದ್ದಳೆ ಬಂದರೆ ಊಟವನ್ನೂ ಮುಂದೆ ಹಾಕುತ್ತಿದ್ದರು. ಮನೆಗೆ ಅಗ್ಗದ ಎಲ್‌ಇಡಿ ಬಲ್ಬ್ ಬಂದ ಮೇಲೆ ಸಂಜೆ ಲೈಟ್ ಹಾಕಿದ ಕೂಡಲೇ ರೇಡಿಯೊ ಬರೀ ಗೊರ್ ಎನ್ನುತ್ತಿತ್ತು. ಒಂದೊಂದೇ ಬಲ್ಬ್ ಆರಿಸುತ್ತಾ ಹೋಗಿ ಯಾವುದು ಎಂದು ಹಿಡಿದೆವು. ಬಚ್ಚಲುಮನೆಯದ್ದು!

ಇನ್ನೊಂದು ಟಿಕ್ ಟಿಕ್ ಎನ್ನುವ ಸದ್ದು, ಸುಮಾರು ಸೆಕೆಂಡಿಗೊಮ್ಮೆ. ಅದು ತೋಟದ ಸೋಲಾರ್ ಬೇಲಿ. ಬಳ್ಳಿಯೋ ಹುಲ್ಲೋ ತಂತಿಗೆ ತಾಗಿದ ಜಾಗದಲ್ಲಿ ಕಿಡಿ ಹಾರುತ್ತದೆ, ಆ ಕಿಡಿಯೇ ರೇಡಿಯೊದಲ್ಲಿ ಕೇಳುವುದು. ಬೇಲಿ ಸವರಿದ ದಿನ ಸದ್ದು ನಿಂತಿತು. ಆಮೇಲೆ ನಾವು ಸಣ್ಣ ಟ್ರಾನ್ಸಿಸ್ಟರ್ ಹಿಡಿದುಕೊಂಡು ಬೇಲಿಯುದ್ದಕ್ಕೂ ನಡೆಯುತ್ತೇವೆ. ಎಲ್ಲಿ ಟಿಕ್ ಜೋರೋ ಅಲ್ಲಿ ಬಳ್ಳಿ ತಾಗಿರುತ್ತದೆ. ಕಾಡುಹಂದಿಗೂ ಶಾಕ್ ಸರಿಯಾಗಿ ಹೊಡೆಯುತ್ತದೆ, ರೇಡಿಯೊವೂ ಸರಿ.

ಸೋಂದಾ ತೋಟ
ಬೇಲಿಗೆ ಟ್ರಾನ್ಸಿಸ್ಟರ್! ಇದನ್ನು ನಾಳೆಯೇ ಮಾಡುತ್ತೇನೆ. ನಮ್ಮಲ್ಲಿ ಕಾಡೆಮ್ಮೆ ಕಾಟ ಜಾಸ್ತಿಯಾಗಿದೆ, ಬೇಲಿ ಎಲ್ಲಿ ಸೋರುತ್ತಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ನಿಲೇಕಣಿ
ಬೇಲಿಯಿಂದ ವೈ-ಫೈಗೂ ತೊಂದರೆ ಇದೆಯಾ?

ರೇಡಿಯೊ ಸಿದ್ದಾಪುರ
ಇಲ್ಲ. ಕಿಡಿಯ ಗದ್ದಲ ಕೆಳಗಿನ ತರಂಗಗಳಲ್ಲೇ ಜಾಸ್ತಿ. ಕೈಗಾದಿಂದ ಬರುವ ದೊಡ್ಡ ಲೈನಿನ ಕೆಳಗೆ ಮಳೆಯಲ್ಲಿ ಜುಯ್ಯ್ ಎಂದು ಕೇಳುತ್ತದಲ್ಲ, ಅದೂ ಮೀಡಿಯಂ ವೇವ್‌ಗೆ ತೊಂದರೆ, ವೈ-ಫೈಗೆ ಅಲ್ಲ.

ಬೈತಖೋಲ್ ಬೋಟು
ಎಲ್‌ಇಡಿ ಮಾತು ಬಂತಲ್ಲ, ಬೋಟಿನವರು ಇದನ್ನು ಓದಲೇಬೇಕು. ಇದು ಟ್ಯೂಷನ್ ನಿಲ್ಲುವ ವಿಷಯ ಅಲ್ಲ, ಜೀವದ ವಿಷಯ. ಡೆಕ್ಕಿಗೆ ಹಾಕುವ ಅಗ್ಗದ ಎಲ್‌ಇಡಿ ಫ್ಲಡ್ ಲೈಟುಗಳು ವಿಎಚ್‌ಎಫ್ ವೈರ್‌ಲೆಸ್ ಅನ್ನೇ ಕುರುಡು ಮಾಡುತ್ತವೆ. ಅಪಾಯದ ಕರೆ ಬರುವ 16 ನೇ ಚಾನೆಲ್ 156.8 ಮೆಗಾಹರ್ಟ್ಸ್. ಹಡಗುಗಳ ಗುರುತು ಹೇಳುವ ಎಐಎಸ್ 162 ರ ಹತ್ತಿರ. ಲೈಟಿನ ಡ್ರೈವರ್ (ಕರೆಂಟ್ ಹದಮಾಡಿ ಕೊಡುವ ಸರ್ಕ್ಯೂಟ್) ಎಬ್ಬಿಸುವ ಗದ್ದಲ ಅಲ್ಲಿಯ ತನಕ ಏರುತ್ತದೆ. 2018 ರಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆ ಇದರ ಮೇಲೆ ಎಚ್ಚರಿಕೆಯನ್ನೇ ಹೊರಡಿಸಿತ್ತು.

ಪರೀಕ್ಷೆ ಬಹಳ ಸುಲಭ. ದಡದಲ್ಲಿದ್ದಾಗಲೇ ಮಾಡಿ. ಎಲ್ಲಾ ಲೈಟ್ ಆರಿಸಿ. ವೈರ್‌ಲೆಸ್ ಅನ್ನು ಯಾರೂ ಮಾತಾಡದ ಚಾನೆಲ್‌ಗೆ ಹಾಕಿ. ಸ್ಕ್ವೆಲ್ಚ್ (ಖಾಲಿ ಸದ್ದು ಅಡಗಿಸುವ ಗುಂಡಿ) ತಿರುಗಿಸಿ, ಉಸ್ಸ್ ಎನ್ನುವ ಸದ್ದು ಬರಲಿ, ಮತ್ತೆ ಸ್ವಲ್ಪವೇ ತಿರುಗಿಸಿ ಆ ಸದ್ದು ಆಗಷ್ಟೇ ನಿಲ್ಲುವಲ್ಲಿ ಬಿಡಿ. ಈಗ ಒಂದೊಂದೇ ಲೈಟ್ ಹಾಕಿ. ಯಾವ ಲೈಟ್ ಹಾಕಿದಾಗ ಮತ್ತೆ ಉಸ್ಸ್ ಎನ್ನುತ್ತದೋ ಅದೇ ಕಳ್ಳ. ಅದನ್ನು ಬದಲಾಯಿಸಿ, ಇಲ್ಲವೇ ಆಂಟೆನಾದಿಂದ, ಅದರ ಕೇಬಲ್‌ನಿಂದ ದೂರ ಕಟ್ಟಿ. ಲೈಟಿನ ವೈರನ್ನು ಆಂಟೆನಾ ಕೇಬಲ್ ಜೊತೆ ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ.

ಭಟ್ಕಳ ಬಂದರ
ಎಲ್‌ಇಡಿ ಲೈಟ್ ಹಾಕಿ ಮೀನು ಹಿಡಿಯುವುದನ್ನೇ 2017 ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ. ಮೊದಲು ಅದನ್ನು ನಿಲ್ಲಿಸಲಿ. ಮರಿ ಮೀನೆಲ್ಲ ಖಾಲಿಯಾಗುತ್ತಿದೆ.

ಬೈತಖೋಲ್ ಬೋಟು
ನೂರಕ್ಕೆ ನೂರು ನಿಮ್ಮ ಮಾತಿಗೆ ನನ್ನ ಒಪ್ಪಿಗೆ. ನಾನು ಹೇಳಿದ್ದು ಡೆಕ್ಕಿನಲ್ಲಿ ಬಲೆ ಬಿಡಿಸಲು ಹಾಕುವ ದೀಪ. ಲೈಟ್ ಫಿಶಿಂಗ್ ಬೇರೆ ವಿಷಯ, ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ನಾನೂ ಬರುತ್ತೇನೆ.

ಕಾಳಿತೀರ
ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಮೇಷ್ಟ್ರು ಮತ್ತು ಅಂಕೋಲಾದವರು ಬರೆದದ್ದನ್ನು ಹಾಕಿದೆ. ಮೊದಲು ಯಾರೂ ಉತ್ತರಿಸಲಿಲ್ಲ. ಆಮೇಲೆ ಗೊತ್ತಾಯಿತು, ಎಲ್ಲರ ಮನೆಯಲ್ಲೂ ಇದೇ ಗೋಳು, ಎಲ್ಲರೂ ಲೈನಿನವರಿಗೆ ಬೈಯುತ್ತಿದ್ದರು. ಮಹಡಿಗೊಂದು ಚಾನೆಲ್ ಹಂಚಿಕೊಂಡೆವು, ಎಲ್ಲರೂ 20 ಕ್ಕೆ ಇಳಿಸಿದರು. ನಮ್ಮ 5 ಆನ್ ಆಗಿದೆ, ಚಾನೆಲ್ 36. ರೂಟರ್ ಟಿವಿ ಹಿಂದಿನಿಂದ ಹೊರಬಂತು. ಟ್ಯೂಷನ್ ಈಗ ನಿಲ್ಲುತ್ತಿಲ್ಲ. ಒಂದೇ ಬಾಕಿ. ಕೆಳಗಿನ ಒಂದು ಮನೆಯ ಹಳೇ ವೈರ್‌ಲೆಸ್ ಕ್ಯಾಮೆರಾ ಹಾಕಿದ ಕೂಡಲೇ ಆ ಸಾಲಿನವರ 2.4 ಪೂರ್ತಿ ಹೋಗುತ್ತದೆ. ಆ್ಯಪಿನಲ್ಲಿ ಅದರ ಹೆಸರೇ ಬರುವುದಿಲ್ಲ.

ಕೋಡಿಬಾಗ್ ಟೆಕ್
ಅದು ಅನಲಾಗ್ ಕ್ಯಾಮೆರಾ. ವೈ-ಫೈ ಅಲ್ಲ, ಆದ್ದರಿಂದ ಆ್ಯಪಿಗೆ ಕಾಣುವುದಿಲ್ಲ. ಅದು ಕೇಳಿ ಮಾತಾಡುವ ಜಾತಿ ಅಲ್ಲ, ಬಿಡುವಿಲ್ಲದೆ ಒಂದೇ ಸಮನೆ ಕಳಿಸುತ್ತಲೇ ಇರುತ್ತದೆ. ಅದನ್ನು ತೆಗೆಸಿ ವೈರ್ ಇರುವ ಕ್ಯಾಮೆರಾ ಹಾಕಿಸಿ. ಬೇರೆ ದಾರಿ ಇಲ್ಲ. ಎಲ್ಲರೂ ಸೇರಿ ಖರ್ಚು ಹಾಕಿದರೂ ತಪ್ಪಿಲ್ಲ, ಲಾಭ ಎಲ್ಲರಿಗೂ.

ಬನವಾಸಿ ರಸ್ತೆ
ಮಾರಿಕಾಂಬಾ ಜಾತ್ರೆ ಹೊತ್ತಿಗೆ ನಮ್ಮ ಅಂಗಡಿಯ ವೈ-ಫೈ ಕೂಡ ಹೀಗೇ ಆಗುತ್ತದೆ. ಬಿಡಕಿಬೈಲಿನ ಸುತ್ತ ಒಬ್ಬೊಬ್ಬರ ಫೋನಿನಲ್ಲೂ ಹಾಟ್‌ಸ್ಪಾಟ್. ಬಿಲ್ಲಿಂಗ್ ಮೆಷಿನ್ ನಿಲ್ಲುತ್ತದೆ. ಕೇಬಲ್ ಹಾಕುವುದೇ ಒಳ್ಳೆಯದು ಅಂತ ಈಗ ಅನ್ನಿಸುತ್ತಿದೆ.

ಅಂಕೋಲಾ ಕೇಬಲ್
ಬಿಲ್ಲಿಂಗಿಗೆ ಕೇಬಲ್ಲೇ ಹಾಕಿ ಅಣ್ಣಾ. ದುಡ್ಡಿನ ಕೆಲಸವನ್ನು ಗಾಳಿಗೆ ಬಿಡಬಾರದು.

ಸೋಂದಾ ತೋಟ
ನನ್ನದೊಂದು ಕೊನೆಯ ಪ್ರಶ್ನೆ. ಕಣಿವೆ ಆಚೆ ಅಣ್ಣನ ಮನೆ, ಸುಮಾರು ಎರಡು ಕಿಲೋಮೀಟರ್. ಅಲ್ಲಿಗೆ ಫೈಬರ್ ಬಂದಿಲ್ಲ. ನಮ್ಮ ಅಟ್ಟದಿಂದ ಅವರ ಮನೆಯ ಹೆಂಚು ಕಾಣುತ್ತದೆ. 5.8 ಗಿಗಾಹರ್ಟ್ಸ್ ಡಿಶ್ ಎರಡು ಹಾಕಿದರೆ ಆಗುತ್ತದಾ?

ಕುಮಟಾ ಮೇಷ್ಟ್ರು
ಆಗುತ್ತದೆ, ಆದರೆ ಕಣ್ಣಿಗೆ ಕಂಡರೆ ಸಾಲದು. ರೇಡಿಯೊ ದಾರದ ಹಾಗೆ ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ಉಬ್ಬುತ್ತದೆ. ಎರಡು ಕಿಲೋಮೀಟರಿಗೆ, 5.8 ಕ್ಕೆ, ಮಧ್ಯದಲ್ಲಿ ಆ ಉಬ್ಬು ಗೆರೆಯ ಸುತ್ತ ಸುಮಾರು 5 ಮೀಟರ್. ಕಡಿಮೆ ಎಂದರೂ 3 ಮೀಟರ್ ಖಾಲಿ ಬೇಕು. ಇವತ್ತು ಅಡಿಕೆ ಮರದ ತಲೆ ಮೂರು ಮೀಟರ್ ಕೆಳಗೆ ಇದೆ ಎಂದು ಖುಷಿಯಲ್ಲಿ ಹಾಕಿದರೆ, ಮರ ಬೆಳೆಯುತ್ತಲೇ ಇರುತ್ತದೆ. ಅಳತೆಯನ್ನು ಮಳೆಗಾಲದಲ್ಲಿ, ಎಲೆ ಒದ್ದೆಯಿರುವಾಗ ಮಾಡಿ ನೋಡಿ. ಚಾನೆಲ್ ಅಗಲ 20 ಇಡಿ. ಅಗಲ ಅರ್ಧ ಮಾಡಿದಷ್ಟೂ ಒಳಗೆ ಬರುವ ಗದ್ದಲ ಅರ್ಧವಾಗುತ್ತದೆ. ಮನೆಯೊಳಗಿನ ವೈ-ಫೈಯನ್ನು 36 ರಿಂದ 48 ರಲ್ಲಿ ಇಟ್ಟು ಡಿಶ್‌ಗೆ ಮೇಲಿನ ಚಾನೆಲ್ ಬಿಡಿ, ನಿಮಗೆ ನೀವೇ ಅಡ್ಡ ಬರುವುದು ಬೇಡ.

ಅಂಕೋಲಾ ಕೇಬಲ್
ಸಿಡಿಲಿನ ಮಾತು ಬಿಡಬೇಡಿ ಮೇಷ್ಟ್ರೇ. ಮೇ ತಿಂಗಳಲ್ಲಿ ಘಟ್ಟದ ಮೇಲೆ ಸುಟ್ಟ ರೂಟರ್‌ಗಳನ್ನು ನೋಡಿ ನೋಡಿ ಸಾಕಾಗಿದೆ. ಕಂಬಕ್ಕೆ ಅರ್ತಿಂಗ್ ಬೇಕೇ ಬೇಕು. ಡಿಶ್‌ನಿಂದ ಬರುವ ಕೇಬಲ್‌ಗೆ ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ಹೊಡೆತ ತಡೆಯುವ ಸಾಧನ) ಹಾಕಿ. ಮನೆಯಿಂದ ಕೊಟ್ಟಿಗೆಗೆ ತಾಮ್ರದ ಕೇಬಲ್ ಬಯಲಲ್ಲಿ ಎಳೆಯಬೇಡಿ, ಫೈಬರ್ ಎಳೆದು ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಇಡಿ. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಮನೆಗೆ ಬರುವ ಫೈಬರ್ ಡ್ರಾಪ್ ಕೇಬಲ್ ಪಕ್ಕದಲ್ಲಿ ಬಿಗಿಯಲು ಒಂದು ಸ್ಟೀಲ್ ತಂತಿ ಇರುತ್ತದೆ. ಆ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ, ಒಳಗೆ ತರಬೇಡಿ.

ಸೋಂದಾ ತೋಟ
ಸ್ಟೀಲ್ ತಂತಿಯ ವಿಷಯ ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ನಮ್ಮ ಲೈನಿನದ್ದು ರೂಟರ್ ಪೆಟ್ಟಿಗೆಯ ತನಕ ಹಾಗೇ ಬಂದಿದೆ. ಅದನ್ನು ನಾವೇ ಕತ್ತರಿಸಬಹುದಾ?

ಅಂಕೋಲಾ ಕೇಬಲ್
ಬೇಡ, ಫೈಬರ್ ಎಳೆ ಕೂದಲಿನಷ್ಟು ಸಣ್ಣ, ತಪ್ಪಿ ಕತ್ತರಿ ತಾಗಿದರೆ ಲೈನೇ ಹೋಗುತ್ತದೆ. ನಿಮ್ಮ ಲೈನ್‌ಮನ್‌ಗೆ ಹೇಳಿ, ತಂತಿ ಸೀಳಿ ಹೊರಗಿನ ಕೊಕ್ಕೆಗೆ ಕಟ್ಟಿ ಕೊಡುತ್ತಾರೆ. ಮೊದಲ ಗುಡುಗು ಬರುವುದರೊಳಗೆ ಮಾಡಿಸಿ.